ಜಾಕ್ ಎಂಬ ಹೆಸರಿನೊಳಗೊಂದು ಹಲಸಿನ ಮರ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವಾಗ, ಸುಳ್ಯ ಸಿಗುವ ಮೊದಲೇ ಬಲಕ್ಕೊಂದು ರಸ್ತೆ ಕವಲೊಡೆಯುತ್ತದೆ. ಆ ಕವಲಿನ ಊರೇ ಜಾಲ್ಸೂರು. ನೇರ ಹೋದರೆ ಸುಳ್ಯ, ಸಂಪಾಜೆ, ಘಟ್ಟ ಹತ್ತಿ ಮಡಿಕೇರಿ. ಬಲಕ್ಕೆ ತಿರುಗಿದರೆ ಪಂಜಿಕಲ್ಲು, ಅಡೂರು, ಮುಳ್ಳೇರಿಯ, ಚೆರ್ಕಳ, ಕಾಸರಗೋಡು. ಪಂಜಿಕಲ್ಲು ಬಂತೆಂದರೆ ಕರ್ನಾಟಕ ಮುಗಿದು ಕೇರಳ ಶುರು, ಬೋರ್ಡುಗಳ ಲಿಪಿಯೇ ಬದಲು. ಸುಳ್ಯದಿಂದ ಇಳಿದುಬರುವ ಪಯಸ್ವಿನಿ ನದಿಗೂ ಅದೇ ದಿಕ್ಕು. ಗಡಿಯಾಚೆ ಅದಕ್ಕೆ ಚಂದ್ರಗಿರಿ ಎಂದು ಹೆಸರು.

ಇಂಥ ಊರಿನಲ್ಲಿ ನಿಂತು ಇಂಗ್ಲಿಷಿನ ನಾಲ್ಕಕ್ಷರದ ಒಂದು ಪದವನ್ನು ಹುಡುಕಿ ನೋಡಿ, ಅದು ಎಲ್ಲೆಲ್ಲೂ ಸಿಗುತ್ತದೆ! ಘಟ್ಟ ಹತ್ತಬೇಕಾದ ಲಾರಿಯ ಟಯರು ಬಿಚ್ಚಲು ಅಡಿಗೆ ಕೊಡುವ ಜಾಕಿ, ಅದು ಜಾಕ್. ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸುವ ತೂತು, ಅದೂ ಜಾಕ್. ಇಸ್ಪೀಟಿನಲ್ಲಿ ರಾಜ, ರಾಣಿಯ ಕೆಳಗಿನ ಗುಲಾಮ ಜಾಕ್. ಅಂಗನವಾಡಿ ಮಕ್ಕಳ ಬಾಯಲ್ಲಿ ಜಿಲ್ ಜೊತೆ ನೀರಿಗೆ ಹೋಗಿ ಬಿದ್ದವನು ಜಾಕ್. ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿನ ಕಚೇರಿಗಳ ಮೇಲೆ ಹಾರುತ್ತಿದ್ದ ಬಾವುಟ ಯೂನಿಯನ್ ಜಾಕ್. ಮತ್ತು ತೋಟದ ಬದಿಯಲ್ಲಿ ಬುಡದಿಂದ ಕೊಂಬೆಯವರೆಗೂ ಕಾಯಿ ಹೊತ್ತು ನಿಂತ ಹಲಸು? ಅದೂ ಜಾಕ್!

ಕಬ್ಬಿಣದ ಯಂತ್ರ, ಎಲೆಯಾಟದ ಆಳು, ಕಿವಿಗೆ ಹಾಡು ತರುವ ತೂತು, ಸಾಮ್ರಾಜ್ಯದ ಧ್ವಜ, ಮುಳ್ಳುಮುಳ್ಳಾದ ಹಣ್ಣು: ಇವಕ್ಕೆಲ್ಲ ಒಂದೇ ಹೆಸರು ಹೇಗೆ ಬಂತು? ಉತ್ತರ ಹುಡುಕುತ್ತ ಹೋದವರಿಗೆ ಮೈ ಜುಮ್ಮೆನ್ನುವ ಸಂಗತಿ ಎದುರಾಗುತ್ತದೆ. ಇದು ಒಂದು ಪದವೇ ಅಲ್ಲ. ಒಂದೇ ಅಂಗಿ ತೊಟ್ಟ ಎರಡು ಪದಗಳು. ಒಂದು ಯೆರೂಸಲೇಮಿನ ಕಡೆಯಿಂದ ಹೊರಟು ಇಂಗ್ಲೆಂಡಿಗೆ ಹೋದದ್ದು. ಇನ್ನೊಂದು ಹೊರಟದ್ದು ನಮ್ಮ ಪಂಜಿಕಲ್ಲಿನಾಚೆಯ ಹಿತ್ತಲುಗಳಿಂದ!

ಮೊದಲನೆಯದರ ಕತೆ ಕೇಳಿ. ಹೀಬ್ರೂ ಭಾಷೆಯ ಯೋಹಾನಾನ್ ಎಂಬ ಹೆಸರು ಗ್ರೀಕ್, ಲ್ಯಾಟಿನ್‌ಗಳನ್ನು ದಾಟಿ ಇಂಗ್ಲೆಂಡಿನಲ್ಲಿ ಜಾನ್ ಆಯಿತು. ಮುದ್ದಿಗೆ ಜಾನ್‌ಕಿನ್ ಎಂದರು, ಅದು ಸವೆದು ಜಾಕಿನ್ ಆಯಿತು, ಇನ್ನೂ ಸವೆದು ಜಾಕ್ ಆಯಿತು. ಫ್ರೆಂಚರ ಝಾಕ್ (Jacques), ಅಂದರೆ ಜೇಕಬ್, ಈ ಸವೆತಕ್ಕೆ ಕೈ ಸೇರಿಸಿರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊರೂರಿಗೆ ಎಷ್ಟು ಜನ ಜಾಕ್‌ಗಳಿದ್ದರೆಂದರೆ, ಹೆಸರು ಗೊತ್ತಿಲ್ಲದ ಯಾವ ಕೂಲಿಯ ಹುಡುಗನನ್ನೂ ಜಾಕ್ ಎಂದು ಕರೆದರೆ ನಡೆಯುತ್ತಿತ್ತು. ಹೆಸರು ಹೋಗಿ ಆಳು ಎಂಬ ಅರ್ಥ ಬಂತು. ಮರ ಕಡಿಯುವವನು, ಹಡಗಿನಲ್ಲಿ ದುಡಿಯುವವನು, ಎಲ್ಲ ಕೆಲಸ ಬಲ್ಲವನು, ಎಲ್ಲರೂ ಜಾಕ್‌ಗಳೇ.

ಇದರ ಮುಂದಿನ ಹೆಜ್ಜೆ ನನ್ನನ್ನು ಬೆರಗಾಗಿಸಿ ನಿಲ್ಲಿಸಿದ್ದು. ದೊಡ್ಡ ಮನೆಗಳ ಅಡುಗೆಕೋಣೆಯಲ್ಲಿ ಮಾಂಸ ಚುಚ್ಚಿದ ಕಬ್ಬಿಣದ ಸರಳನ್ನು ಬೆಂಕಿಯ ಮುಂದೆ ಕೂತು ತಿರುಗಿಸಲು ಒಬ್ಬ ಹುಡುಗನಿರುತ್ತಿದ್ದ. ಗಂಟೆಗಟ್ಟಲೆ ಬೆಂಕಿಯ ಝಳ ತಿನ್ನುವ ಕೆಲಸ. ಆಮೇಲೆ ಅದನ್ನು ತಿರುಗಿಸಲು ಹಲ್ಲುಗಾಲಿಯ ಒಂದು ಯಂತ್ರ ಬಂತು. ಯಂತ್ರಕ್ಕೆ ಏನೆಂದು ಹೆಸರಿಟ್ಟರು? ಜಾಕ್! ಧಣಿಯ ಬೂಟು ಎಳೆದು ಬಿಚ್ಚುತ್ತಿದ್ದ ಆಳಿನ ಬದಲು ಬಂದ ಕವೆಯಾಕಾರದ ಹಲಗೆ, ಅದೂ ಜಾಕ್. ಹತ್ತು ಆಳು ಹೆಗಲು ಕೊಟ್ಟು ಎತ್ತಬೇಕಾದ ಭಾರವನ್ನು ತಿರುಪಿನ ಬಲದಿಂದ ಒಬ್ಬನೇ ಎತ್ತುವ ಸಾಧನ, ಅದೂ ಜಾಕ್. ಆಳು ಹೋದ, ಅವನ ಹೆಸರು ಯಂತ್ರದ ಮೈಗೆ ಅಂಟಿ ಉಳಿಯಿತು. ಜಾಲ್ಸೂರಿನ ಮಗ್ಗುಲಲ್ಲಿ ಲಾರಿಯ ಅಚ್ಚಿನಡಿ ಎಣ್ಣೆ ಕುಡಿದು ನಿಂತ ಜಾಕಿಯೊಳಗೆ ಐನೂರು ವರ್ಷ ಹಳೆಯ, ಮುಖವಿಲ್ಲದ ಒಬ್ಬ ಇಂಗ್ಲಿಷ್ ಹುಡುಗ ಬಗ್ಗಿ ಕೂತಿದ್ದಾನೆ. ಸಿಮೆಂಟಿನ ಸ್ಲ್ಯಾಬ್ ಹಾಕುವಾಗ ಸೆಂಟ್ರಿಂಗಿನವರು ಸಾಲಾಗಿ ನಿಲ್ಲಿಸುವ ಕಬ್ಬಿಣದ ಜಾಕಿಗಳೂ ಅವನ ಸಂತತಿಯೇ.

ಇಸ್ಪೀಟಿನ ಎಲೆಯೂ ಹಾಗೆಯೇ. ಮೊದಲು ಇಂಗ್ಲಿಷರು ಅದನ್ನು ನೇವ್ (knave) ಎನ್ನುತ್ತಿದ್ದರು, ಅಂದರೆ ಚಾಕರಿಯ ಹುಡುಗ. ಜಾಕ್ ಎಂಬುದು ಬಡವರ ಬಾಯಿಯ ಮಾತು. ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಓದಿದವರಿಗೆ ನೆನಪಿರಬಹುದು, ಹಾಗೆ ಹೇಳಿದ್ದಕ್ಕೇ ಬಡ ಹುಡುಗ ಪಿಪ್‌ನನ್ನು ಶ್ರೀಮಂತೆ ಎಸ್ಟೆಲ್ಲಾ ಹೀಯಾಳಿಸುತ್ತಾಳೆ. ಆದರೆ ನೇವ್‌ನ ಗುರುತಿನ ಮೊದಲಕ್ಷರವೂ ಕಿಂಗ್‌ನ ಮೊದಲಕ್ಷರವೂ ಒಂದೇ ಆದ್ದರಿಂದ ಆಟದಲ್ಲಿ ಗೊಂದಲವಾಗುತ್ತಿತ್ತು. 1864ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಹಾರ್ಟ್ ಎಂಬ ಎಲೆ ತಯಾರಕ ಅದರ ಬದಲು 'ಜೆ' ಅಕ್ಷರ ಅಚ್ಚುಹಾಕಿದ. ಬಡವರ ಮಾತು ಗೆದ್ದಿತು. ನಮ್ಮವರು ಅದೇ ಎಲೆಗೆ ಗುಲಾಮ ಎಂದರು. ಅರಬ್ಬಿಯಲ್ಲಿ ಆ ಮಾತಿಗೆ ಮೊದಲ ಅರ್ಥ ಹುಡುಗ, ಆಮೇಲಿನ ಅರ್ಥ ಆಳು. ಸಮುದ್ರದ ಎರಡು ದಡಗಳಲ್ಲಿ ಎರಡು ಭಾಷೆಗಳು ಒಂದೇ ದಾರಿ ತುಳಿದಿವೆ!

ಟೆಲಿಫೋನು ಬಂದದ್ದು 1876ರಲ್ಲಿ. ಎರಡು ಮನೆಗಳ ತಂತಿಯನ್ನು ಎಕ್ಸ್‌ಚೇಂಜಿನಲ್ಲಿ ಕೂಡಿಸಬೇಕಲ್ಲ, ಅದಕ್ಕೆಂದು 1870ರ ದಶಕದ ಕೊನೆಗೆ ಅಮೆರಿಕದ ಚಾರ್ಲ್ಸ್ ಸ್ಕ್ರಿಬ್ನರ್ ಒಂದು ಸ್ವಿಚ್ಚು ಮಾಡಿದ. ನೋಡಲು ಮಡಚುವ ಚೂರಿಯಂತೆ ಇದ್ದುದರಿಂದ ಅದಕ್ಕೆ ಜಾಕ್-ನೈಫ್ ಸ್ವಿಚ್ ಎಂಬ ಹೆಸರಾಯಿತು. ಚೂರಿ ಉದುರಿತು, ಜಾಕ್ ಉಳಿಯಿತು.

ಜಾಕ್ ಎನ್ನಲು ಸ್ಕಾಟ್ಲೆಂಡಿನವರು ಬಾಯಿ ಪೂರ್ತಿ ತೆರೆಯುವುದಿಲ್ಲ, ಜೊಕ್ ಎನ್ನುತ್ತಾರೆ. ಜೊಕ್‌ನ ಮುದ್ದಿನ ರೂಪ ಜಾಕಿ, ಕುದುರೆ ಓಡಿಸುವ ಹುಡುಗ. ಅಲ್ಲಿಂದ ರೇಡಿಯೋ ಜಾಕಿ, ಬನಿಯನ್ನಿನ ಜಾಕಿ. ಈಗ ಕನ್ನಡದ ಚಮತ್ಕಾರ ನೋಡಿ. ಇಂಗ್ಲಿಷಿನಲ್ಲಿ ಟಯರಿನ ಜಾಕಿಗೂ ಕುದುರೆಯ ಜಾಕಿಗೂ ಬೇರೆ ಬೇರೆ ಅಕ್ಷರ, ಬೇರೆ ಬೇರೆ ಉಚ್ಚಾರ. ನಾಲ್ಕಾರು ಶತಮಾನದ ಹಿಂದೆ ಪಾಲಾಗಿ ಹೋದ ಅಣ್ಣತಮ್ಮಂದಿರು ಅವು. ಕನ್ನಡದ ಕಾಗುಣಿತ ಇಬ್ಬರನ್ನೂ ಮತ್ತೆ ಒಂದೇ ಸೂರಿನಡಿ ತಂದು ಕೂರಿಸಿದೆ. 2010ರಲ್ಲಿ ಪುನೀತ್ ರಾಜ್‌ಕುಮಾರ್ 'ಜಾಕಿ' ಆದಾಗ ಮೂರನೆಯವನೊಬ್ಬನೂ ಬಂದು ಸೇರಿಕೊಂಡ: ಆ ಪಾತ್ರದ ನಿಜ ಹೆಸರು ಜಾನಕಿರಾಮ!

ಬಾವುಟದ ಕತೆ ಸುಳ್ಯ ಸೀಮೆಗೆ ಇನ್ನೂ ಹತ್ತಿರ. ಹಡಗಿನ ಮೂತಿಯಲ್ಲಿ ಕಟ್ಟುವ ಚಿಕ್ಕ ಧ್ವಜವನ್ನು ನಾವಿಕರು ಜಾಕ್ ಎನ್ನುತ್ತಿದ್ದರು. ದೊಡ್ಡ ಧ್ವಜದ ಮುಂದೆ ಇದು ಪುಟ್ಟ ಹುಡುಗ ಎಂಬ ಅರ್ಥದಲ್ಲಿ. ಇಂಗ್ಲೆಂಡ್, ಸ್ಕಾಟ್ಲೆಂಡುಗಳ ಶಿಲುಬೆ ಕೂಡಿಸಿದ ಬಾವುಟ 1606ರಲ್ಲಿ ಹುಟ್ಟಿತು, 1801ರಲ್ಲಿ ಐರ್ಲೆಂಡಿನ ಶಿಲುಬೆಯೂ ಸೇರಿತು. ಅದೇ ಯೂನಿಯನ್ ಜಾಕ್. ಈಸ್ಟ್ ಇಂಡಿಯಾ ಕಂಪನಿಯ ಪಟ್ಟೆಪಟ್ಟೆಯ ಧ್ವಜದ ಮೂಲೆಯಲ್ಲೂ ಅದೇ ಇತ್ತು. 1837ರಲ್ಲಿ ಸುಳ್ಯದ ಸೀಮೆಯ ರೈತರು ಕಂಪನಿಯ ವಿರುದ್ಧ ಎದ್ದರು. ಜನರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ, ಚರಿತ್ರೆಯಲ್ಲಿ ಅಮರ ಸುಳ್ಯದ ದಂಗೆ. ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ ಹೊರಟ ದಂಡು ಏಪ್ರಿಲ್ 5ರಂದು ಮಂಗಳೂರು ಮುಟ್ಟಿ, ಗುಡ್ಡದ ಮೇಲಿದ್ದ ಕಂಪನಿಯ ಬಾವುಟ ಇಳಿಸಿ ಕೊಡಗಿನ ಹಾಲೇರಿ ರಾಜವಂಶದ ಬಾವುಟ ಏರಿಸಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆ ಜಾಗ ಇವತ್ತಿಗೂ ಬಾವುಟಗುಡ್ಡೆ. ಲಂಡನ್ನಿನ ಬಂದರಿನಲ್ಲಿ ಪುಟ್ಟ ಹುಡುಗನೆಂದು ಕರೆಸಿಕೊಂಡ ಧ್ವಜವನ್ನು ಕೆಳಗಿಳಿಸಿದ್ದು ನಮ್ಮ ಹಲಸಿನ ಸೀಮೆಯ ಕೈಗಳು!

ಇನ್ನು ಎರಡನೆಯ ಜಾಕ್. ಇಲ್ಲಿಗೆ ಬಂದರೆ ನನಗೆ ನಿಧಾನವಾಗಿ ಹೇಳಲು ಆಗುವುದೇ ಇಲ್ಲ.

ಜಾಲ್ಸೂರಿನ ಸುತ್ತ ಹಲಸಿಗೆ ಎಷ್ಟು ಹೆಸರುಗಳಿವೆ! ಕನ್ನಡದಲ್ಲಿ ಹಲಸು. ತುಳುವಿನಲ್ಲಿ ಮರ ಪೆಲ, ಕಾಯಿ ಪೆಲಕಾಯಿ, ಎಳೆಯದು ಗುಜ್ಜೆ. ಬೀಜವನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಹವ್ಯಕರ ಮನೆಯಲ್ಲಿ ಉಪ್ಪುನೀರಿನ ಭರಣಿಯಲ್ಲಿ ಮಳೆಗಾಲಕ್ಕೆಂದು ಕಾದಿಡುವ ಉಪ್ಪು ಸೊಳೆ. ಬಕ್ಕೆ ಬೇರೆ, ತುಳುವ ಬೇರೆ. ಒಂದು ಗಟ್ಟಿ, ಕಚ್ಚಿದರೆ ಸದ್ದಾಗುತ್ತದೆ, ಇನ್ನೊಂದು ಬೆರಳಿನಿಂದ ಜಾರಿ ಗಂಟಲಿಗಿಳಿಯುತ್ತದೆ. ಮಲಯಾಳ ಮಾತಾಡುವ ಮನೆಯಲ್ಲಿ ಮರ ಪ್ಲಾವ್, ಹಣ್ಣು ಚಕ್ಕ.

ಹಲಸು ಮೊದಲು ಪಲಸು. ಹಳಗನ್ನಡದ ಪಕಾರ ಹಕಾರವಾದಾಗ ಅದು ಹಲಸಾಯಿತು. ಪಲಸು, ಪೆಲ, ತಮಿಳಿನ ಪಲಾ, ಮಲಯಾಳದ ಪ್ಲಾವ್: ಎಲ್ಲ ಒಂದೇ ಬೇರಿನ ಚಿಗುರುಗಳು. ಗುಂಪಿಗೆ ಸೇರದ್ದು ಚಕ್ಕ ಒಂದೇ. ಮತ್ತು ಜಗತ್ತು ಸುತ್ತಿದ್ದೂ ಅದೊಂದೇ!

ಯಾಕೆಂದರೆ ಕರಿಮೆಣಸಿಗಾಗಿ ಬಂದ ಹಡಗುಗಳು ಹೆಚ್ಚಾಗಿ ನಿಲ್ಲುತ್ತಿದ್ದುದು ಮಲಯಾಳದ ಬಂದರುಗಳಲ್ಲಿ. ಸುಮಾರು 1330ರಲ್ಲಿ ಕೊಲ್ಲಂನ ಬಿಷಪ್ ಜೋರ್ಡಾನಸ್ ಲ್ಯಾಟಿನ್‌ನಲ್ಲಿ ಬರೆದ ಪುಸ್ತಕದಲ್ಲಿ ಚಾಕಿ ಎಂದು ಓದಬಹುದಾದ ಒಂದು ದೈತ್ಯ ಹಣ್ಣು ಬರುತ್ತದೆ. ಅದೇ ಶತಮಾನದಲ್ಲಿ ಮೊರಾಕ್ಕೊದಿಂದ ಬಂದ, ಮಂಗಳೂರಿನಲ್ಲೂ ಇಳಿದಿದ್ದ ಇಬ್ನ್ ಬತೂತ ಹಣ್ಣಿನಲ್ಲಿ ಎರಡು ಜಾತಿ ಎಂದು ಬರೆದ: ಶಕಿ ಮತ್ತು ಬರ್ಕಿ. ಶಕಿ ಅಂದರೆ ಚಕ್ಕ. ಬರ್ಕಿ? ಮಲಯಾಳದಲ್ಲಿ ಗಟ್ಟಿ ಸೊಳೆಯ ಹಲಸಿಗೆ ವರಿಕ್ಕ ಎನ್ನುತ್ತಾರೆ. ಅವರ ವಾಳ ನಮ್ಮಲ್ಲಿ ಬಾಳೆಯಾಗುವುದನ್ನು ನೆನೆದರೆ ವರಿಕ್ಕದ ಪಕ್ಕದಲ್ಲೇ ನಮ್ಮ ಬಕ್ಕೆಯೂ ಕಾಣುತ್ತದೆ! ಸುಮಾರು ಏಳುನೂರು ವರ್ಷದ ಹಿಂದಿನ ಅರಬ್ಬಿ ಪುಸ್ತಕದಲ್ಲಿ, ನಮ್ಮ ಅಜ್ಜಿಯಂದಿರು ಅಂಗಳದಲ್ಲಿ ಬೆರಳಿನಿಂದ ಬಡಿದು ನೋಡಿ ಹೇಳುತ್ತಿದ್ದ ಮಾತು.

1563ರಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ ಗೋವಾದಲ್ಲಿ ಅಚ್ಚು ಹಾಕಿಸಿದ ಗಿಡಮೂಲಿಕೆಯ ಪುಸ್ತಕದಲ್ಲಿ ಈ ಹಣ್ಣು ಮಲಬಾರಿನಲ್ಲಿ ಜಾಕ, ಕನಾರಿಂ ಭಾಷೆಯಲ್ಲಿ ಪಣಸ್ ಎಂದಿದೆ. ಕನಾರಿಂ ಅಂದರೆ ಅಂದಿನ ಗೋವಾದ ಕೊಂಕಣಿ. ಚಕ್ಕದ ಚಕಾರ ಪೋರ್ಚುಗೀಸರ ನಾಲಗೆಯಲ್ಲಿ ಮೆತ್ತಗಾಗಿ ಜಕಾರವಾದದ್ದು ಹೀಗೆ. ಡಚ್ಚರ ಗವರ್ನರ್ ವಾನ್ ರೀಡ್, ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಭಟ್ಟರ ನೆರವಿನಿಂದ ಮಾಡಿಸಿದ ಹನ್ನೆರಡು ಸಂಪುಟದ 'ಹೋರ್ಟುಸ್ ಮಲಬಾರಿಕುಸ್' ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗುವಾಗ, 1682ರ ಮೂರನೆಯ ಸಂಪುಟದಲ್ಲಿ ಈ ಮರ ಚಕ್ಕಮರಂ ಎಂಬ ತನ್ನ ಮನೆಯ ಹೆಸರಿನಲ್ಲೇ ನಿಂತಿತು.

ಇಂಗ್ಲಿಷರು 17ನೇ ಶತಮಾನದಲ್ಲಿ ಪೋರ್ಚುಗೀಸರ ಬಾಯಿಂದ ಜಾಕ ಕೇಳಿದರು. ಅವರ ಕಿವಿಗೆ ಏನು ಕೇಳಿರಬೇಕು ಹೇಳಿ? ಮನೆಮನೆಯಲ್ಲೂ ಕೂಗುವ ಜಾಕ್! ಅರಿಯದ ಸದ್ದಿಗೆ ಅರಿತ ಹೆಸರಿನ ಅಂಗಿ ತೊಡಿಸಿದರು. ನಾವು ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡ ಹಾಗೆ. ಮೊದಲು ಬರೀ ಜಾಕ್ ಎಂದೇ ಬರೆದರು, ಹಣ್ಣು ಎಂಬ ಬಾಲ ಸೇರಿದ್ದು ಆಮೇಲೆ.

ಈ ರೀತಿಯ ಮಾರ್ಪಾಟಿಗೆ ಭಾಷಾಶಾಸ್ತ್ರದಲ್ಲಿ ಒಂದು ಹೆಸರಿದೆ, ಹಾಬ್ಸನ್-ಜಾಬ್ಸನ್. ಮೊಹರಮಿನ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಕೂಗು ಇಂಗ್ಲಿಷ್ ಸೋಲ್ಜರನ ಬಾಯಲ್ಲಿ ಹಾಗಾಯಿತು. ಭಾರತದಿಂದ ಇಂಗ್ಲಿಷಿಗೆ ಹೋದ ಮಾತುಗಳ ಮಹಾನಿಘಂಟಿಗೂ ಅದೇ ಹೆಸರು. 1886ರಲ್ಲಿ ಹೊರಬಂದ ಆ ಪುಸ್ತಕದಲ್ಲಿ ಜಾಕ್ ಎಂಬ ನಮೂದಿಗೆ ಚಕ್ಕದ ಮೂಲವೂ ಜೋರ್ಡಾನಸನ ಸಾಲುಗಳೂ ಇವೆ. ಬರೆದವರಿಬ್ಬರು. ಒಬ್ಬರು ಹೆನ್ರಿ ಯೂಲ್. ಇನ್ನೊಬ್ಬರು ಆರ್ಥರ್ ಕೋಕ್ ಬರ್ನೆಲ್. ಈ ಬರ್ನೆಲ್ ಯಾರು ಗೊತ್ತೇ? ನಮ್ಮ ಮಂಗಳೂರಿನಲ್ಲಿ ಜಡ್ಜ್ ಆಗಿದ್ದವರು! ದಕ್ಷಿಣ ಭಾರತದ ಲಿಪಿಗಳ ಕುರಿತ ತಮ್ಮ ಪುಸ್ತಕವನ್ನು 1874ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದವರು. ತುಳುನಾಡಿನ ದೈವಗಳ ಪಾಡ್ದನಗಳನ್ನು ಕೂಡಿಹಾಕಿದವರು. 1882ರಲ್ಲಿ ತೀರಿಕೊಂಡರು, ನಿಘಂಟು ಅಚ್ಚಾದುದನ್ನು ನೋಡಲಿಲ್ಲ. ಪೆಲ, ಹಲಸು, ಚಕ್ಕ ಮೂರೂ ಮಾತು ಒಂದೇ ಸಂತೆಯಲ್ಲಿ ಕೇಳುವ ಜಿಲ್ಲೆಯಲ್ಲಿ ಕೋರ್ಟು ನಡೆಸಿದ ಮನುಷ್ಯ ಅವರು.

ಅದೇ ಪೋರ್ಚುಗೀಸ್ ಹಡಗಿನಲ್ಲಿ ಹತ್ತಿದ ಇನ್ನೂ ಕೆಲವರಿದ್ದಾರೆ. ಅಡಕ್ಕ, ಅಡಿಕೆಗಳಿಂದ ಅರೆಕ. ವೆಟ್ಟಿಲದಿಂದ ಬೀಟಲ್. ತೇಕ್ಕಿನಿಂದ ಟೀಕ್. ಜಾಲ್ಸೂರಿನಿಂದ ಅಡ್ಕಾರಿಗೆ ನಡೆದು ಹೋಗುವಷ್ಟರಲ್ಲಿ ಕಣ್ಣಿಗೆ ಬೀಳುವ ಕಂಗು, ಕಂಗಿಗೆ ಹಬ್ಬಿದ ವೀಳ್ಯದ ಬಳ್ಳಿ, ಸಾಗುವಾನಿ, ಹಲಸು ಎಲ್ಲವೂ ಲಂಡನ್ನಿನ ನಿಘಂಟಿನಲ್ಲಿ ನಮ್ಮ ಕರಾವಳಿಯ ಹೆಸರಿನಿಂದಲೇ ಇವೆ.

ಜಾಕ್ ಅಂಗಿ ತೊಟ್ಟ ಇನ್ನೊಂದು ಪ್ರಾಣಿಯನ್ನು ಬಿಟ್ಟುಬಿಡಲು ಮನಸ್ಸಾಗದು. ತುಳುವಿನ ಕುದುಕೆ, ನಮ್ಮ ಗುಳ್ಳೆನರಿ, ಇಂಗ್ಲಿಷಿನಲ್ಲಿ ಜಾಕಾಲ್. ಜಾನ್‌ಗೂ ಅದಕ್ಕೂ ಸಂಬಂಧವಿಲ್ಲ, ಚಕ್ಕಕ್ಕೂ ಇಲ್ಲ. ಅದು ಸಂಸ್ಕೃತದ ಶೃಗಾಲ! ಪಾರಸಿಯಲ್ಲಿ ಶಗಾಲ್, ತುರ್ಕಿಯಲ್ಲಿ ಚಕಾಲ್, ಇಂಗ್ಲೆಂಡಿಗೆ ಮುಟ್ಟುವಾಗ ಜಾಕಾಲ್. ಪಂಚತಂತ್ರದ ಗುಳ್ಳೆನರಿಗಳಾದ ಕರಟಕ ದಮನಕರೂ ಪಾರಸಿಯ ದಾರಿ ಹಿಡಿದೇ ಪಶ್ಚಿಮಕ್ಕೆ ಹೋದವರು.

ಎರಡೂ ಜಾಕ್‌ಗಳು ಮುಖಾಮುಖಿಯಾಗುವ ಒಂದು ಜಾಗವಿದೆ. ಸುಳ್ಯ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ರಾತ್ರಿಯಿಡೀ ಯಕ್ಷಗಾನ. ಮದ್ದಳೆಯ ಹೊಳವು ಹಲಸಿನ ಮರದ್ದು, ಚೆಂಡೆಯದೂ ಸಾಮಾನ್ಯವಾಗಿ ಅದೇ. ಹಳದಿ ತಿರುಳಿನ ಆ ಮರಕ್ಕೆ ನಾದ ಹಿಡಿಯುವ ಗುಣವಿದೆ. ಹುಳ ಬೇಗ ಹಿಡಿಯುವುದಿಲ್ಲ. ಮದ್ದಳೆಗಾರನ ಬೆರಳಿನಿಂದ ಎದ್ದ ನಾದ ಮುಂದಿಟ್ಟ ಮೈಕಿಗೆ ಹೋಗುತ್ತದೆ, ಮೈಕಿನ ವಯರು ಆಂಪ್ಲಿಫೈಯರಿಗೆ ಸಿಕ್ಕುತ್ತದೆ. ಯಾವುದರಿಂದ? ಜಾಕ್‌ನಿಂದ! ಚಕ್ಕ ಎಂಬ ಜಾಕ್ ಹುಟ್ಟಿಸಿದ ಸದ್ದನ್ನು ಯೋಹಾನಾನ್ ಎಂಬ ಜಾಕ್ ಗದ್ದೆಯಾಚೆಯ ಮನೆಗೆ ಮುಟ್ಟಿಸುತ್ತಾನೆ. ಈ ಸಾಲು ಹೊಳೆದಾಗಿನಿಂದ ತಾಳಮದ್ದಳೆಯಲ್ಲೂ ನನ್ನ ಕಣ್ಣು ಆ ಪುಟ್ಟ ಲೋಹದ ತೂತನ್ನೇ ಹುಡುಕುತ್ತದೆ.

ಪಂಜಿಕಲ್ಲಿನಾಚೆ ಇನ್ನೊಂದು ಜಾಕ್ ಕಾದಿದೆ. ಅಮೆರಿಕದ ಪೋಕರ್ ಆಟದಲ್ಲಿ ಯಾರ ಕೈಗಾದರೂ ಜೋಡಿ ಗುಲಾಮ ಅಥವಾ ಅದಕ್ಕಿಂತ ಮೇಲಿನದು ಬರುವವರೆಗೆ ನಡುವಿನ ಹಣ ಬೆಳೆಯುತ್ತಲೇ ಹೋಗುವ ಒಂದು ಕ್ರಮವಿತ್ತು. ಆ ರಾಶಿಯೇ ಜಾಕ್‌ಪಾಟ್. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಕೇರಳದಲ್ಲಿ 1967ರಿಂದ ಸರ್ಕಾರವೇ ನಡೆಸುತ್ತಿದೆ. ಹಾಗಾಗಿ ಇಲ್ಲಿನವರಿಗೆ ಜಾಕ್‌ಪಾಟಿನ ಟಿಕೇಟೂ ಚಕ್ಕ ಎಂಬ ಮಾತೂ ಒಂದೇ ರಸ್ತೆಯಲ್ಲಿ, ಒಂದೇ ದಿಕ್ಕಿನಲ್ಲಿ.

ಈಗ ನನ್ನ ನಿದ್ದೆ ಕದ್ದ ಸಂಗತಿ. ಯೋಹಾನಾನ್ ಎಂಬ ಮೂಲಪುರುಷ ಇಂಗ್ಲೆಂಡಿಗೆ ಮಾತ್ರ ಹೋಗಿರಲಿಲ್ಲ. ಪೋರ್ಚುಗೀಸರ ಜೊತೆ ಬಂದು ನಮ್ಮ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಜುವಾಂವ್ ಆದ. ಅದಕ್ಕೂ ಎಷ್ಟೋ ಮೊದಲೇ ಸಿರಿಯನ್ ಕ್ರೈಸ್ತರ ಜೊತೆ ಕೇರಳಕ್ಕೆ ಬಂದು ಯೋಹನ್ನಾನ್, ಉಲಹನ್ನಾನ್, ಲೋನಪ್ಪನ್ ಆಗಿದ್ದ. ಕಳೆದ ಶತಮಾನದಲ್ಲಿ ರಬ್ಬರ್ ಕೃಷಿಗೆಂದು ಕೇರಳದಿಂದ ಬಂದ ಕುಟುಂಬಗಳು ಕಡಬ, ನೆಲ್ಯಾಡಿಯ ಗುಡ್ಡಗಳಲ್ಲಿ ನೆಲೆ ನಿಂತವು, ಆ ಹೆಸರುಗಳೂ ಅವರ ಜೊತೆ ಬಂದವು. ಫ್ರೆಂಚರ ಝಾಕ್‌ಗೆ ಮೂಲವಾದ ಜೇಕಬ್ ಮಲಯಾಳದಲ್ಲಿ ಏನು ಗೊತ್ತೇ? ಚಾಕೋ! ಅಂದರೆ ಜಾಕ್ ಎಂಬ ನಾಲ್ಕಕ್ಷರದ ಅಷ್ಟೂ ಹಿರಿಯರು, ಉಲಹನ್ನಾನ್, ಚಾಕೋ, ಚಕ್ಕ, ಯೂರೋಪ್ ಸುತ್ತದೆಯೇ ನೇರ ದಾರಿಯಲ್ಲಿ ಬಂದು ಪುತ್ತೂರು, ಸುಳ್ಯ, ಕಡಬದ ಮಳೆಯಲ್ಲಿ ಒಟ್ಟಾಗಿದ್ದಾರೆ. ಜೂನ್ ತಿಂಗಳಲ್ಲಿ ಚಾಕೋ ಎಂಬ ಹೆಸರಿನ ಹಿರಿಯರೊಬ್ಬರು ಕೈಗೆ ಎಣ್ಣೆ ಹಚ್ಚಿ ಮೇಣ ಒರೆಸುತ್ತ ಚಕ್ಕ ಬಿಡಿಸಿದರೆ, ಇಂಗ್ಲಿಷ್ ನಿಘಂಟಿನ ಒಂದು ಇಡೀ ಪುಟವೇ ಆ ಜಗಲಿಯಲ್ಲಿ ಇರುತ್ತದೆ.

ಹೋದ ಮಾತು ತಿರುಗಿಯೂ ಬರುತ್ತಿದೆ. ನಮ್ಮಲ್ಲಿ ಹಲಸು ಬಹುಕಾಲ ಮರದಡಿ ಕೊಳೆತು ದನಗಳ ಪಾಲಾಗುತ್ತಿತ್ತು. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಮತ್ತು ಅದರ ಶ್ರೀ ಪಡ್ರೆಯವರು ಹಲಸಿನ ಬಗ್ಗೆ ಸಂಚಿಕೆಯ ಮೇಲೆ ಸಂಚಿಕೆ ಬರೆದು ಈ ಹಣ್ಣಿನ ಮರ್ಯಾದೆ ಎತ್ತಿದರು. 2018ರ ಮಾರ್ಚ್ 21ರಂದು ಕೇರಳ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಸಾರಿತು. ಯೂರೋಪ್, ಅಮೆರಿಕಗಳಲ್ಲಿ ಮಾಂಸ ಬಿಟ್ಟವರು ಗುಜ್ಜೆಯನ್ನು ಡಬ್ಬಿಯಲ್ಲಿ ಕೊಳ್ಳುತ್ತಿದ್ದಾರೆ, ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಜಾಕ್‌ಫ್ರೂಟ್. ಬೆಂಗಳೂರಿನ ಅಂಗಡಿಯ ಚಿಪ್ಸ್ ಪೊಟ್ಟಣದ ಮೇಲೂ ಅದೇ ಮಾತು, ಕನ್ನಡ ಅಕ್ಷರದಲ್ಲಿ. ಅದನ್ನು ಇಂಗ್ಲಿಷ್ ಪದವೆಂದು ದೂರ ಇಡುವವರಿಗೆ ಹೇಳಬೇಕು: ಅದರ ಮೊದಲರ್ಧ ಕಾಸರಗೋಡಿನ ರಸ್ತೆಯದು, ಜಾಲ್ಸೂರಿನಲ್ಲಿ ಬಲಕ್ಕೆ ತಿರುಗಬೇಕು.